ಅಕ್ಕನ ಭುಜಕ್ಕೆ ನಾನು ತಿರುಗಿಸಿದ ರಕ್ತ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೋ ಮಾತಲ್ಲಿ ನಾನು ಬೈದಿದ್ದೇ ಜಾಸ್ತಿ ಇದೆ, ಬೈಸ್ಕೊಂಡವಳು ನಮ್ಮಕ್ಕ. ಅವಳ ಬಲಗೈ ಈಗ ಭುಜದ ಮಟ್ಟಕ್ಕೂ ಏಳಲ್ಲ. ಅದು ಹಾಗಾಗಿದ್ದು ಯಾರಿಂದ ಅಂತ ಅಜ್ಜಂಪುರದ ಬಸ್ ಸ್ಟ್ಯಾಂಡ್ ಸುತ್ತಮುತ್ತ ಯಾರನ್ನ ಕೇಳಿದ್ರೂ ತಪ್ಪು ಉತ್ತರ ಹೇಳ್ತಾರೆ. ಸರಿಯಾದ್ದನ್ನ ಬರೆಯೋಕೆ ಅಂತಲೇ ಕೂತಿದೀನಿ.

ನಾನು ಕಡೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಇಪ್ಪತ್ತೆರಡು ವರ್ಷದಿಂದ ಅದೇ ಸ್ಟೂಲು, ಅದೇ ಕಿಟಕಿ. ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಪಂಚನಹಳ್ಳಿಯವರು, ಚೌಳಹಿರಿಯೂರಿನವರು ಮೊದಲನೇ ಬಸ್ಸಿಗೆ ಬಂದು ಖಾಲಿ ಹೊಟ್ಟೇಲಿ ಮೆಟ್ಟಿಲ ಮೇಲೆ ಕೂತಿರ್ತಾರೆ. ರಕ್ತ ಎಳೆಯೋದು, ಟ್ಯೂಬಿಗೆ ಹಾಕೋದು, ಸೆಂಟ್ರಿಫ್ಯೂಜಿನಲ್ಲಿಟ್ಟು ತಿರುಗಿಸೋದು, ಇದು ನನ್ನ ಕೆಲಸ. ಆ ಮಿಷಿನ್ನು ಗಿರ್ರನೆ ತಿರುಗಿ ಕೆಂಪು ಕಣಗಳನ್ನೆಲ್ಲ ತಳಕ್ಕೆ ಒತ್ತಿ, ಮೇಲೆ ಹಳದಿ ನೀರು ಬಿಡುತ್ತೆ. ಸಕ್ಕರೆ, ಕೊಬ್ಬು, ಕಿಡ್ನಿ ಎಲ್ಲಾ ನೋಡೋದು ಆ ಹಳದಿ ನೀರಲ್ಲೇ. ಅದು ಎಷ್ಟು ತಿಳಿಯಾಗಿದ್ರೆ ಟೆಕ್ನಿಷಿಯನ್ನಿಗೆ ಅಷ್ಟು ಹೆಸರು. ಕಲಕಿ ಬಂದ್ರೆ ರಿಪೋರ್ಟು ಕೆಡುತ್ತೆ, ಡಾಕ್ಟರು ಫೋನ್ ಮಾಡಿ ಬೈತಾರೆ. ನನಗೆ ಯಾರೂ ಬೈದಿರಲಿಲ್ಲ. ನನ್ನ ಟ್ಯೂಬು ಹಿಡಿದು ನೋಡಿದ್ರೆ ಆಚೆ ಕಡೆಯ ಪೇಪರ್ ಓದಬಹುದು ಅಂತ ಹೊಸಬರಿಗೆ ನಾನೇ ಹೇಳ್ಕೊಳ್ತಿದ್ದೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಬೇಗ ಹೋಗಿಬಿಟ್ಟಳು, ನನ್ನ ಮೂಗು ಒರೆಸಿ ಸ್ಕೂಲಿಗೆ ಕಳಿಸಿದವಳು ಅಕ್ಕನೇ. ಮದುವೆಯಾಗಿ ಅಜ್ಜಂಪುರಕ್ಕೆ ಹೋದಳು. ಮಕ್ಕಳಾಗಲಿಲ್ಲ, ಭಾವನೂ ಹೆಚ್ಚು ದಿನ ಉಳಿಯಲಿಲ್ಲ. ಅಳ್ತಾ ಕೂರೋ ಪೈಕಿ ಅಲ್ಲ ಅವಳು. ಬಸ್ ಸ್ಟ್ಯಾಂಡಿನ ಹಿಂದೆ ನಾಲ್ಕು ಮೇಜು ಹಾಕಿ ಮುದ್ದೆ ಊಟದ ಮೆಸ್ ಶುರು ಮಾಡಿದಳು. ಈರುಳ್ಳಿ ಲಾರಿಯವರು, ಸಂತೆಗೆ ಬಂದವರು, ಆಫೀಸಿನ ಗುಮಾಸ್ತರು ಅಲ್ಲಿಗೇ ಬರೋರು. ನಾನು ಲ್ಯಾಬ್ ಕೋರ್ಸ್ ಓದಿದ್ದು ಆ ಮುದ್ದೆಯಿಂದಲೇ.

ಮನೆ ಮಟ್ಟಿಗೆ ಮುದ್ದೆ ಮಾಡೋದು ಬೇರೆ, ಮೆಸ್ಸಿಗೆ ಮಾಡೋದು ಬೇರೆ. ದೊಡ್ಡ ಪಾತ್ರೇಲಿ ಎಸರು ಕುದ್ದು, ಹಿಟ್ಟು ಬೆಂದಮೇಲೆ ಪಾತ್ರೆ ನೆಲಕ್ಕಿಳಿಸಿ, ಕವೆಗೋಲನ್ನ ಅದರ ಕಂಠಕ್ಕೆ ಸಿಕ್ಕಿಸಿ ಎರಡೂ ಪಾದದಲ್ಲಿ ಅದುಮಿ ಹಿಡಿದು, ಮುದ್ದೆ ಕೋಲಿಂದ ತೊಳಸಬೇಕು. ಹಿಟ್ಟು ಗಟ್ಟಿಯಾಗ್ತಾ ಆಗ್ತಾ ಕೋಲನ್ನ ಹಿಡ್ಕೊಂಡುಬಿಡುತ್ತೆ. ಆಗ ಭುಜ ಕೊಟ್ಟು ಒತ್ತಿ ತಿರುಗಿಸದೇ ಇದ್ರೆ ಕೋಲು ಅಲ್ಲಾಡಲ್ಲ, ಒಳಗೆ ಗಂಟು ಉಳಿಯುತ್ತೆ. ದಿನಕ್ಕೆ ಏಳೆಂಟು ಪಾತ್ರೆ ಹಾಗೆ ತೊಳಸೋಳು. ಸಹಾಯಕ್ಕೆ ಒಬ್ಬ ಹೆಂಗಸಿದ್ದಳು, ಸಾರು, ಪಲ್ಯ, ಪಾತ್ರೆ ತೊಳೆಯೋದು ಎಲ್ಲಾ ಅವಳದು. ಕೋಲು ಮಾತ್ರ ಅಕ್ಕ ಯಾರ ಕೈಗೂ ಕೊಟ್ಟವಳಲ್ಲ. ಜನ ಬರ್ತಿದ್ದದ್ದು ಆ ಕೈಯ ಮುದ್ದೆಗೆ. ಆ ಬಲಗೈ ನಡೆದಷ್ಟು ದಿನ ಮೆಸ್ಸು ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ಭಾನುವಾರ ಊಟಕ್ಕೆ ಹೋಗಿದ್ದೆ. ಅಕ್ಕ ನನಗೆ ಎಡಗೈಯಲ್ಲಿ ಸಾರು ಬಡಿಸಿದಳು. ಚಿಕ್ಕವನಿದ್ದಾಗ ಎಡಗೈಲಿ ಲೋಟ ಕೊಟ್ಟೆ ಅಂತ ನನಗೆ ಬೆನ್ನಿಗೆ ಬಾರಿಸಿದವಳು ಅವಳು. ಯಾಕಕ್ಕ ಅಂದೆ. ಏನಿಲ್ಲ, ಭುಜ ಸ್ವಲ್ಪ ಹಿಡ್ಕೊಂಡಿದೆ ಅಂದಳು. ಸಹಾಯದ ಹೆಂಗಸು ಆಚೆ ಬಂದು ನಿಜ ಹೇಳಿದಳು. ಆರು ತಿಂಗಳಿಂದ ಅಕ್ಕ ತಲೆ ಬಾಚ್ಕೊಳ್ಳೋಕೂ ಆಗದೆ ಅವಳ ಹತ್ರ ಬಾಚಿಸ್ಕೊಳ್ತಿದ್ದಳಂತೆ, ಮೇಲಿನ ಶೆಲ್ಫಿನ ಡಬ್ಬಿಗಳೆಲ್ಲ ಕೆಳಗೆ ಇಳಿದಿದ್ದವಂತೆ. ಪಂಚನಹಳ್ಳಿ ಕಡೆಯ ಒಬ್ಬ ಅಜ್ಜನ ಹತ್ರ ಎಣ್ಣೆ ಹಾಕಿ ನೀವಿಸ್ಕೊಂಡಿದ್ದಾಯ್ತು, ಅವನು ನರ ಸರಿದಿದೆ ಅಂತ ಎಳೆದೂ ನೋಡಿದ್ದಾಯ್ತು. ಯಾರೋ ಒಬ್ಬರು ಭುಜಕ್ಕೇ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿದ್ರಂತೆ, ಅದು ಒಂದು ತಿಂಗಳು ಹಿತವಾಗಿತ್ತು ಅಂತ ಇನ್ನೆರಡು ಸಲ ಹಾಕಿಸ್ಕೊಂಡಿದ್ದಳು. ನನಗೊಂದು ಮಾತು ಹೇಳಿರಲಿಲ್ಲ. ಅಲ್ಲೇ ಗಿರಾಕಿಗಳ ಮುಂದೇನೇ ಬೈದೆ. ರಕ್ತ ಎಳೆಯೋನು ಮನೇಲೇ ಇದ್ರೂ ಊರ ಮೇಲೆ ಹೋಗಿ ಭುಜ ಒಪ್ಪಿಸ್ತೀಯಲ್ಲ ಅಂದೆ.

ತರೀಕೆರೆಗೆ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ. ಭುಜದ ಮೇಲ್ಭಾಗದಲ್ಲಿ ಕೈಯನ್ನ ಎತ್ತಿ ಹಿಡಿಯೋ ಟೆಂಡನ್, ಅಂದ್ರೆ ಮಾಂಸಖಂಡವನ್ನ ಮೂಳೆಗೆ ಕಟ್ಟೋ ಹುರಿ, ಅರ್ಧದಷ್ಟು ಹರಿದಿತ್ತು. ನಮ್ಮ ಜನ ಇದನ್ನೂ ನರ ಅಂತಾನೇ ಕರೀತಾರೆ. ಗುರುವಾರ ಗುರುವಾರ ಕಡೂರಿಗೆ ಬರ್ತಿದ್ದ ಮೂಳೆ ಡಾಕ್ಟರಿಗೆ ತೋರಿಸಿದೆವು, ಅವರು ನಮ್ಮ ಲ್ಯಾಬಿನ ಪಕ್ಕದ ಕೋಣೇಲೇ ಕೂರೋದು. ಪದೇ ಪದೇ ಆ ಇಂಜೆಕ್ಷನ್ ಹಾಕಿಸ್ಕೊಂಡದ್ದರಿಂದ ಹುರಿ ಇನ್ನೂ ಮೆತ್ತಗಾಗಿದೆ ಅಂದ್ರು. ಆಪರೇಷನ್ ಅಂದ ತಕ್ಷಣ ಅಕ್ಕ ಕುರ್ಚಿ ಬಿಟ್ಟು ಎದ್ದಳು. ಕೊಯ್ಯೋದು ಬೇಡ ಅಂದ್ರೆ ಬೇಡ. ಭಾವನ್ನ ಆಪರೇಷನ್ನಿಗೆ ಅಂತ ಒಳಗೆ ಕಳಿಸಿದ್ದಳು, ಅವರು ವಾಪಸ್ ಬಂದಿರಲಿಲ್ಲ. ನಾನೂ ಬಲವಂತ ಮಾಡಲಿಲ್ಲ.

ಹಾಗಾದ್ರೆ ಇನ್ನೊಂದು ದಾರಿ ಇದೆ ಅಂತ ಡಾಕ್ಟರು ಒಂದು ಕಾಗದದ ಮೇಲೆ ಬರೆದು ವಿವರಿಸಿದ್ರು. ಅಕ್ಕನಿಗೆ ಅಂತ ಹೇಳಿದ್ದು, ಬಾಯಿ ಬಿಟ್ಕೊಂಡು ಕೇಳಿದ್ದು ನಾನು. ಟೆಂಡನ್ನಿನಲ್ಲಿ ಜೀವಕೋಶಗಳೇ ಕಮ್ಮಿ, ಅಲ್ಲಿಗೆ ರಕ್ತ ಹರಿಯೋದೂ ಕಮ್ಮಿ. ಇರೋ ಕೋಶಗಳು ಹುರಿಯ ಎಳೆಗಳ ಮಧ್ಯೆ ಸಾಲಾಗಿ ಸುಮ್ಮನೆ ಮಲಗಿರ್ತವೆ. ಚರ್ಮ ಕೊಯ್ದರೆ ರಕ್ತ ನುಗ್ಗುತ್ತೆ, ರಕ್ತದ ಪ್ಲೇಟ್‌ಲೆಟ್‌ಗಳು ಗಾಯದ ಮೇಲೆ ಕೂತು ಒಡೆದು ತಮ್ಮೊಳಗಿನ ಗ್ರೋತ್ ಫ್ಯಾಕ್ಟರ್‌ಗಳನ್ನ ಸುರೀತವೆ. ಒಂದು ಫ್ಯಾಕ್ಟರ್ ಕೋಶಗಳನ್ನ ಗಾಯದ ಕಡೆ ಕರೆಯುತ್ತೆ, ಇನ್ನೊಂದು ಅವು ಒಂದು ಎರಡಾಗಿ ಎರಡು ನಾಲ್ಕಾಗಿ ಹೆಚ್ಚೋ ಹಾಗೆ ಮಾಡುತ್ತೆ, ಮತ್ತೊಂದು ಹೊಸ ಎಳೆ ನೇಯಿಸುತ್ತೆ, ಇನ್ನೊಂದು ಹೊಸ ರಕ್ತನಾಳ ಬರಿಸುತ್ತೆ. ಹುರಿ ಹರಿದರೆ ಅಲ್ಲಿಗೆ ಈ ಕರೆ ಸರಿಯಾಗಿ ಮುಟ್ಟೋದೇ ಇಲ್ಲ. ಅದಕ್ಕೇ ಇವರ ರಕ್ತಾನೇ ತೆಗೆದು, ಪ್ಲೇಟ್‌ಲೆಟ್ ಮಾತ್ರ ಒಟ್ಟು ಮಾಡಿ, ಹರಿದ ಜಾಗಕ್ಕೇ ಸೂಜೀಲಿ ಬಿಡ್ತೀವಿ ಅಂದ್ರು. ಗ್ಯಾರಂಟಿ ಕೊಡಲ್ಲ ಅಂತಲೂ ಅಂದ್ರು, ಕೆಲವರಿಗೆ ಕೂಡುತ್ತೆ ಕೆಲವರಿಗಿಲ್ಲ.

ಆಮೇಲೆ ಒಂದು ಕಟ್ಟುನಿಟ್ಟು ಹೇಳಿದ್ರು. ಹಾಕಿದ ಮೇಲೆ ಭುಜ ಊದುತ್ತೆ, ಸಿಡಿಯುತ್ತೆ. ಆ ಉರಿ ಊತದಿಂದಲೇ ವಾಸಿಯಾಗೋ ಕೆಲಸ ಶುರುವಾಗೋದು. ಊತ ಇಳಿಸೋ ನೋವಿನ ಮಾತ್ರೆ ನುಂಗಿದ್ರೆ ಅದನ್ನ ಅಲ್ಲೇ ಅದುಮಿದ ಹಾಗೆ, ಆರು ವಾರ ಆ ಮಾತ್ರೆ ಮುಟ್ಟಬಾರದು. ತಡೆಯೋಕೆ ಆಗದಿದ್ರೆ ನನಗೆ ಫೋನ್ ಮಾಡಿ, ಬೇರೆ ಹೇಳ್ತೀನಿ ಅಂದ್ರು. ಅಕ್ಕ ಗೋಣಾಡಿಸಿದಳು. ಅವಳ ಸೆರಗಿನ ಗಂಟಲ್ಲಿ ಯಾವಾಗಲೂ ಒಂದು ನೋವಿನ ಮಾತ್ರೆಯ ಸ್ಟ್ರಿಪ್ಪು ಇರ್ತಿತ್ತು, ಅದನ್ನ ಬಿಚ್ಚಿ ನನ್ನ ಕೈಗೆ ಕೊಟ್ಟಳು.

ಮುಂದಿನ ಗುರುವಾರ ಬಂದಳು. ರಕ್ತ ತಿರುಗಿಸೋಕೆ ಡಾಕ್ಟರ ಜೊತೆ ಬರೋ ಟೆಕ್ನಿಷಿಯನ್ ಅವತ್ತು ಬಂದಿರಲಿಲ್ಲ, ಅವನ ಮನೇಲಿ ಏನೋ ಸಾವು. ಇನ್ನೊಂದು ವಾರ ಬಿಟ್ಟು ಮಾಡೋಣ ಅಂದ್ರು ಡಾಕ್ಟರು. ನಾನೇ ಬಾಯಿ ಹಾಕಿದೆ. "ನಾನಿಲ್ವಾ ಸರ್? ಇಪ್ಪತ್ತೆರಡು ವರ್ಷದಿಂದ ರಕ್ತಾನೇ ತಿರುಗಿಸ್ತಿದೀನಿ" ಅಂದೆ. ಅಕ್ಕನ ಮುಖ ಅರಳ್ತು. ತನ್ನ ತಮ್ಮನ ಕೈಯಿಂದಲೇ ಆಗಲಿ ಅಂದಳು. ಅದನ್ನ ಅಲ್ಲಿದ್ದ ಇನ್ನೊಂದಿಬ್ಬರು ಪೇಷೆಂಟುಗಳಿಗೂ ಹೇಳಿದಳು.

ಡಾಕ್ಟರು ವಿಧಾನ ಸರಿಯಾಗೇ ಹೇಳಿದ್ರು. ಮೊದಲನೇ ಸಲ ನಿಧಾನ, ಕೆಂಪು ಕಣ ಮಾತ್ರ ಕೆಳಗೆ ಇಳಿಯೋ ಅಷ್ಟು. ಮೇಲಿನದನ್ನ ಬೇರೆ ಟ್ಯೂಬಿಗೆ ತೆಗೆದು ಎರಡನೇ ಸಲ ಜೋರು, ಆಗ ತಳಕ್ಕೆ ಕೂರೋದೇ ಔಷಧಿ. ನಾನು ಹೂಂ ಸರ್ ಹೂಂ ಸರ್ ಅಂದೆ. ಅಕ್ಕನ ತೋಳಿಂದ ರಕ್ತ ಎಳೆದೆ. ಟ್ಯೂಬುಗಳನ್ನ ಮಿಷಿನ್ನಲ್ಲಿ ಎದುರು ಬದುರು ಇಟ್ಟು ಮುಚ್ಚಳ ಹಾಕಿದೆ. ನಮ್ಮದು ಹಳೇ ಮಿಷಿನ್, ವೇಗಕ್ಕೆ ಒಂದು ತಿರುಗುಗುಂಡಿ ಇದೆ. ಅದರ ಪಕ್ಕ ಮಾರ್ಕರ್ ಪೆನ್ನಿನಲ್ಲಿ ನಾನೇ ಯಾವತ್ತೋ ಎಳೆದ ಗೀಟು. ದಿನಾ ಗುಂಡಿ ತಿರುಗಿಸಿ ಆ ಗೀಟಿಗೆ ನಿಲ್ಲಿಸೋದು. ಅವತ್ತೂ ಕೈ ಅಲ್ಲಿಗೇ ಹೋಗಿ ನಿಲ್ತು. ಕಿಟಕಿಯಲ್ಲಿ ಯಾರೋ ರಿಪೋರ್ಟ್ ಕೇಳ್ತಿದ್ರು, ಅವರಿಗೆ ಉತ್ತರ ಕೊಡ್ತಾನೇ ಗುಂಡಿ ತಿರುಗಿಸಿದ್ದೆ. ನಿಧಾನ ಅನ್ನೋ ಮಾತು ಕಿವೀಲಿತ್ತು, ಕೈಗೆ ಇಳಿಯಲೇ ಇಲ್ಲ.

ಟ್ಯೂಬು ಈಚೆ ತೆಗೆದಾಗ ಮೇಲಿನ ನೀರು ಜೇನಿನ ಹಾಗೆ ತಿಳಿಯಾಗಿತ್ತು. ಕೆಂಪಿನ ಮೇಲೆ ತೆಳುವಾಗಿ ಒಂದು ಬಿಳಿ ಪದರ. ಆ ಬಿಳಿಯನ್ನ ಒಂಚೂರೂ ಮುಟ್ಟದ ಹಾಗೆ ಮೇಲಿನ ತಿಳಿಯನ್ನಷ್ಟೇ ಎತ್ತಿದೆ, ಎಂಥಾ ನಾಜೂಕು ಅಂತ ಒಳಗೊಳಗೇ ಬೀಗಿದೆ. ಎರಡನೇ ಸಲ ತಿರುಗಿಸಿ, ತಳದ ಭಾಗ ಸಿರಿಂಜಿಗೆ ತುಂಬಿ ಪಕ್ಕದ ಕೋಣೆಗೆ ಒಯ್ದೆ. ಡಾಕ್ಟರಿಗೆ ಹೊರಗೆ ಕಾರಿಡಾರ್ ತುಂಬಾ ಜನ. ಮೊದಲನೇದು ನಿಧಾನ ತಾನೇ ಅಂತ ಕೇಳಿದ್ರು. ಹೌದು ಸರ್ ಅಂದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ, ನನಗೆ ಹಾಗೇ ಮಾಡಿದೀನಿ ಅಂತಾನೇ ಇತ್ತು. ಅವರು ಸ್ಕ್ಯಾನ್ ಮಿಷಿನ್ ಇಟ್ಕೊಂಡು ನೋಡ್ತಾ ಹರಿದ ಜಾಗಕ್ಕೆ ಸೂಜಿ ಬಿಟ್ರು. ಅಕ್ಕ ನನ್ನ ಕೈ ಹಿಡಿದು ಹಲ್ಲು ಕಚ್ಕೊಂಡಿದ್ದಳು.

ಆ ಆರು ವಾರ ನಾನು ಡಾಕ್ಟರಿಗಿಂತ ದೊಡ್ಡ ಡಾಕ್ಟರಾಗಿಬಿಟ್ಟೆ. ಮಾರನೇ ದಿನವೇ ಬೀರೂರಿಂದ ರೈಲು ಹಿಡಿದು ಅಜ್ಜಂಪುರಕ್ಕೆ ಹೋದೆ. ಮೆಸ್ಸಿನ ಗಲ್ಲಾ ಡ್ರಾಯರು, ದೇವರ ಗೂಡು, ಸಾಸಿವೆ ಡಬ್ಬಿ ಎಲ್ಲಾ ತಡಕಿ ಸಿಕ್ಕಿದ ಮಾತ್ರೆಗಳನ್ನೆಲ್ಲ ಬಾಚಿ ಜೇಬಿಗೆ ಹಾಕ್ಕೊಂಡೆ. ಎದುರುಗಡೆ ಮೆಡಿಕಲ್ ಶಾಪಿನವನಿಗೆ ಹೋಗಿ ಹೇಳಿದೆ, ಅಕ್ಕ ಬಂದು ಕೇಳಿದ್ರೂ ಅಷ್ಟೇ, ಯಾರನ್ನಾದ್ರೂ ಕಳಿಸಿದ್ರೂ ಅಷ್ಟೇ, ನೋವಿನ ಮಾತ್ರೆ ಕೊಡಕೂಡದು ಅಂತ. ಅವನು ಒಳ್ಳೆಯವನು, ಅಕ್ಕನ ಮುದ್ದೆ ತಿಂದೇ ಅಂಗಡಿ ನಡೆಸ್ತಿದ್ದವನು. ಆಗ್ಲಿ ಸಾರ್, ನಿಮ್ಮಕ್ಕ ಅಂದ್ರೆ ನಮ್ಮಕ್ಕ ಇದ್ದ ಹಾಗೆ ಅಂದ.

ಅಕ್ಕನಿಗೆ ನೋವು ತಡೆಯೋಕೆ ಆಗ್ತಿರಲಿಲ್ಲ. ಸೂಜಿ ಹೋದ ಜಾಗ ಊದಿ ಕೆಂಪಗಾಗಿತ್ತು. ಮಲಗಿದ್ರೆ ಭುಜ ಹಾಸಿಗೆಗೆ ತಾಗುತ್ತೆ ಅಂತ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಿದ್ದಳಂತೆ. ದಿನಾ ಬೆಳಗ್ಗೆ ಫೋನ್ ಮಾಡ್ತಿದ್ದೆ. ಹೇಗಿದೀಯ ಅಂತ ಕೇಳಿದ್ದು ಕಮ್ಮಿ, ನುಂಗಿಲ್ಲ ತಾನೇ ಅಂತ ಕೇಳಿದ್ದೇ ಹೆಚ್ಚು. ಇಲ್ಲ ಕಣಪ್ಪ ಅನ್ನೋಳು. ಡಾಕ್ಟರಿಗೆ ಫೋನ್ ಮಾಡಿ ಬೇರೆ ಮಾತ್ರೆ ಕೇಳೋ ಅಂತ ಎರಡು ಸಲ ಅಂದಳು. ನಾನು ಕೇಳಲಿಲ್ಲ. ನೋವಿದ್ರೆ ಒಳಗೆ ಕೋಶಗಳು ಕೆಲಸ ಮಾಡ್ತಿವೆ ಅಂತ ಅರ್ಥ, ಇನ್ನೊಂದು ಸ್ವಲ್ಪ ಹಲ್ಲು ಕಚ್ಚು ಅಂತ ಪಾಠ ಹೇಳಿದೆ. ಒಂದಿನ ಫೋನಲ್ಲಿ ಅತ್ತುಬಿಟ್ಟಳು, ಭಾವ ಹೋದಾಗಲೂ ನನ್ನ ಮುಂದೆ ಅತ್ತವಳಲ್ಲ. ಅದಕ್ಕೂ ರೇಗಿದೆ. ಇಷ್ಟು ತಡೆಯೋಕೆ ಆಗಲ್ವಾ ನಿನಗೆ ಅಂದೆ.

ಮೆಸ್ಸಿನಲ್ಲಿ ಆ ಸಹಾಯದ ಹೆಂಗಸು ಕೋಲು ಹಿಡಿದಳು. ಪಾಪ, ಅವಳಿಗೆ ಪಾದದಲ್ಲಿ ಕವೆಗೋಲು ಅದುಮೋದೇ ಬರ್ತಿರಲಿಲ್ಲ, ಪಾತ್ರೆ ಜಾರೋದು. ಮುದ್ದೇಲಿ ಗಂಟು. ಲಾರಿಯವರು ಒಂದು ವಾರ ಸಹಿಸ್ಕೊಂಡು ತಿಂದ್ರು, ಆಮೇಲೆ ಬೇರೆ ಕಡೆ ನಿಲ್ಲಿಸೋಕೆ ಶುರು ಮಾಡಿದ್ರು. ಅಕ್ಕ ಬಾಗಿಲಲ್ಲಿ ಕೂತು ಲಾರಿ ಮುಂದಕ್ಕೆ ಹೋಗೋದನ್ನ ನೋಡೋಳು. ಮೂರು ತಿಂಗಳು ತಡ್ಕೊಳ್ಳಿ, ಕೈ ಕೂಡುತ್ತೆ, ನನ್ನ ತಮ್ಮನೇ ಔಷಧಿ ಮಾಡಿದಾನೆ ಅಂತ ಎಲ್ಲರಿಗೂ ಹೇಳ್ತಿದ್ದಳಂತೆ.

ಮೂರು ತಿಂಗಳಾದಮೇಲೆ ತರೀಕೆರೆಯಲ್ಲಿ ಮತ್ತೆ ಸ್ಕ್ಯಾನ್. ಹರುಕು ಕೂಡಿರಲಿಲ್ಲ, ಇನ್ನೂ ದೊಡ್ಡದಾಗಿತ್ತು. ಬಸ್ ಸ್ಟ್ಯಾಂಡಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂತೆವು. ಅಕ್ಕ ರಿಪೋರ್ಟಿನ ಕವರನ್ನ ಎಡಗೈಲಿ ಮಡಿಲಿಗೆ ಒತ್ತಿ ಹಿಡ್ಕೊಂಡಿದ್ದಳು. ನಾನು ಅವಳ ಮುಖ ನೋಡದೇ ಕೇಳಿದೆ.

"ನಿಜ ಹೇಳು. ಮಾತ್ರೆ ನುಂಗಿದ್ಯಾ?"

ಅವಳು ಕವರಿನ ಮೂಲೆ ಮಡಚಿ ಬಿಡಿಸಿದಳು.

"ಒಂದೇ ಒಂದು ಕಣೋ. ಹದಿನೆಂಟನೇ ದಿನ. ತಡೆಯೋಕೇ ಆಗಲಿಲ್ಲ. ಗಿರಾಕಿ ಒಬ್ಬರ ಹತ್ರ ಇಸ್ಕೊಂಡು ನುಂಗಿಬಿಟ್ಟೆ."

ಆವತ್ತು ನಾನು ಆಡಿದ ಮಾತನ್ನ ಪೂರ್ತಿ ಬರೆಯೋಕೆ ನನಗೆ ಧೈರ್ಯ ಸಾಲದು. ನೀನೇ ಕೆಡಿಸ್ಕೊಂಡೆ, ನಿನ್ನ ಕೈಯಾರೆ ಹಾಳು ಮಾಡ್ಕೊಂಡೆ, ಇನ್ನು ನನ್ನ ಹತ್ರ ಬರಬೇಡ ಅಂತೆಲ್ಲ ಅಂದೆ. ಸುತ್ತ ಜನ ತಿರುಗಿ ನೋಡ್ತಿದ್ರು. ಅಕ್ಕ ಹೌದು ಕಣಪ್ಪ ನಂದೇ ತಪ್ಪು ಅಂದಳು. ಅಜ್ಜಂಪುರದ ಬಸ್ಸು ಬಂದಾಗ ಬಲಗೈಲಿ ಕಂಬಿ ಹಿಡಿಯೋಕೆ ಹೋಗಿ, ಕೈ ಏಳದೇ ಮೆಟ್ಟಿಲ ಮೇಲೆ ಮುಗ್ಗರಿಸಿದಳು. ಕಂಡಕ್ಟರು ಹಿಡ್ಕೊಂಡ. ನಾನು ಕೆಳಗೇ ನಿಂತಿದ್ದೆ.

ಅದಾದಮೇಲೆ ಅವಳು ಯಾವ ಮಾತ್ರೆಯನ್ನೂ ಮುಟ್ಟಲಿಲ್ಲವಂತೆ. ಜ್ವರ ಬಂದ್ರೂ ಇಲ್ಲ, ತಲೆ ಸಿಡಿದ್ರೂ ಇಲ್ಲ. ಯಾರಾದ್ರೂ ಕೈ ಏನಾಯ್ತಕ್ಕ ಅಂತ ಕೇಳಿದ್ರೆ, ನನ್ನ ತಮ್ಮ ಚಿನ್ನದಂಥ ಔಷಧಿ ಮಾಡಿ ಹಾಕಿಸಿದ್ದ, ನಾನು ಹಾಳಾದೋಳು ಒಂದು ಮಾತ್ರೆ ನುಂಗಿ ಕೆಡಿಸ್ಕೊಂಡೆ ಅಂತ ಹೇಳೋಳಂತೆ. ಇದೆಲ್ಲ ಸಹಾಯದ ಹೆಂಗಸು ಫೋನಲ್ಲಿ ಹೇಳಿದ್ದು. ನಾನು ಸಿಟ್ಟಲ್ಲಿ ಎರಡು ತಿಂಗಳು ಅಕ್ಕನ ಮನೆ ಕಡೆ ತಲೆ ಹಾಕಿರಲಿಲ್ಲ.

ಹೀಗಿರುವಾಗ ಒಂದು ಗುರುವಾರ ಒಬ್ಬ ಡ್ರಿಲ್ ಮೇಷ್ಟ್ರಿಗೆ ಅದೇ ಪ್ಲೇಟ್‌ಲೆಟ್ ಇಂಜೆಕ್ಷನ್ ಇತ್ತು, ಅವರಿಗೆ ಹಿಮ್ಮಡಿಯ ಟೆಂಡನ್ ನೋವು. ಡಾಕ್ಟರ ಟೆಕ್ನಿಷಿಯನ್ ಬಂದಿದ್ದ. ನನಗಿಂತ ಹದಿನೈದು ವರ್ಷ ಚಿಕ್ಕವನು, ನಮ್ಮ ಮಿಷಿನ್ನಲ್ಲೇ ತಿರುಗಿಸಿದ. ಟ್ಯೂಬು ಈಚೆ ತೆಗೆದ, ನೋಡಿದ್ರೆ ಮೇಲಿನ ನೀರು ಮಬ್ಬು ಮಬ್ಬಾಗಿತ್ತು. ನನಗೆ ನಗು ಬಂತು. ಏನಪ್ಪಾ ಇದು, ಇಷ್ಟು ಕಲಕಿದೆ, ಇನ್ನೊಂಚೂರು ತಿರುಗಿಸಬಾರದಿತ್ತಾ ಅಂದೆ. ಅವನು ಟ್ಯೂಬನ್ನ ಮೆಲ್ಲಗೆ ಅಲ್ಲಾಡಿಸಿ ಬೆಳಕಿಗೆ ಹಿಡಿದ. ಒಳಗೆ ಹೊಗೆ ಸುತ್ತಿದ ಹಾಗೆ ಏನೋ ಸುತ್ತುತ್ತಿತ್ತು.

"ಈ ಮಬ್ಬೇ ಪ್ಲೇಟ್‌ಲೆಟ್ಟು ಸರ್. ತಿಳಿಯಾಗಿ ಬಂತು ಅಂದ್ರೆ ಅದ್ರಲ್ಲಿ ಏನೂ ಇಲ್ಲ ಅಂತ. ಜೋರಾಗಿ ತಿರುಗಿಸಿದ್ರೆ ಎಲ್ಲಾ ಕೆಂಪಿನ ಮೇಲಿನ ಬಿಳಿ ಪದರಕ್ಕೆ ಹೋಗಿ ಕೂತ್ಕೊಳ್ತವೆ."

ನನ್ನ ಕಣ್ಣು ಹೋಗಿ ಗುಂಡಿಯ ಮೇಲೆ ನಿಲ್ತು. ಅವನು ಗುಂಡಿಯನ್ನ ನನ್ನ ಗೀಟಿಗಿಂತ ಎಷ್ಟೋ ಹಿಂದೆ ನಿಲ್ಲಿಸಿದ್ದ. ಇಪ್ಪತ್ತೆರಡು ವರ್ಷ ಪ್ಲೇಟ್‌ಲೆಟ್ ಎಣಿಸಿ ರಿಪೋರ್ಟ್ ಕೊಟ್ಟವನು ನಾನು. ಜೋರು ತಿರುಗಿಸಿದ್ರೆ ಅವು ಕೆಳಗೆ ಹೋಗ್ತವೆ ಅನ್ನೋದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಗೊತ್ತಿದ್ದೂ, ಅಕ್ಕನ ಟ್ಯೂಬು ತಿಳಿಯಾಗಿದ್ದದ್ದು ನೋಡಿ ನಾನು ಬೀಗಿದ್ದೆ.

ಆದ್ರೂ ಮನಸ್ಸು ಒಪ್ಪಲಿಲ್ಲ. ಭಾನುವಾರ ಬೆಳಗ್ಗೆ ಲ್ಯಾಬಿನ ಬಾಗಿಲು ತೆಗೆದು ಒಬ್ಬನೇ ಒಳಗೆ ಹೋದೆ. ಎಡತೋಳಿಗೆ ಪಟ್ಟಿ ಬಿಗಿದು, ಪಟ್ಟಿಯ ತುದಿ ಹಲ್ಲಲ್ಲಿ ಕಚ್ಕೊಂಡು ನನ್ನ ರಕ್ತ ನಾನೇ ಎಳೆದೆ. ಒಂದು ಜೊತೆ ಟ್ಯೂಬು ನಿಧಾನಕ್ಕೆ, ಒಂದು ಜೊತೆ ನನ್ನ ಗೀಟಿಗೆ. ಎರಡರ ಮೇಲಿನ ನೀರನ್ನೂ ಕಣ ಎಣಿಸೋ ಮಿಷಿನ್ನಿಗೆ ಕೊಟ್ಟೆ. ನಿಧಾನದ್ದರಲ್ಲಿ ಪ್ಲೇಟ್‌ಲೆಟ್ ತುಂಬಿ ತುಳುಕ್ತಿತ್ತು. ಗೀಟಿನದರಲ್ಲಿ ಇಲ್ಲ ಅನ್ನೋ ಅಷ್ಟೇ ಇತ್ತು. ಇನ್ನೊಂದು ಸಲ ಮಾಡಿದೆ, ಅದೇ ಬಂತು. ಮೂರನೇ ಸಲಕ್ಕೆ ರಕ್ತ ಎಳೆಯೋಕೆ ಹೋದಾಗ ತಲೆ ಸುತ್ತಿ ನೆಲದ ಮೇಲೆ ಕೂತುಬಿಟ್ಟೆ.

ಅಕ್ಕನ ಭುಜಕ್ಕೆ ಹೋದದ್ದು ಬರೀ ಹಳದಿ ನೀರು. ಕರೆಯೋರೇ ಇಲ್ಲದೆ ಆ ಕೋಶಗಳು ಮಲಗಿದ್ದಲ್ಲೇ ಮಲಗಿದ್ದವು. ಆ ಊತ, ಆ ನೋವೆಲ್ಲ ಬರೀ ಸೂಜಿಯದು, ಹರುಕಿನದು. ಔಷಧಿಯ ಭಾಗವನ್ನ ನಾನು ಆ ಬಿಳಿ ಪದರದ ಜೊತೆ ಟ್ರೇಗೆ ಚೆಲ್ಲಿದ್ದೆ, ಮಾಮೂಲಿನಂತೆ. ಆ ಒಂದು ಮಾತ್ರೆ ಕೆಡಿಸೋಕೆ ಅಲ್ಲಿ ಏನೂ ಇರಲೇ ಇಲ್ಲ.

ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಸಿರಿಂಜು ನಾನೂ ಬೆಳಕಿಗೆ ಹಿಡಿದು ನೋಡಬೇಕಿತ್ತು ಅಂದ್ರು. ಸರಿಯಾಗಿ ಮಾಡಿದ್ರೂ ಕೂಡ್ತಿತ್ತು ಅಂತ ಹೇಳೋಕಾಗಲ್ಲ ಅಂತ ಸಮಾಧಾನ ಮಾಡಿದ್ರು. ಆ ಮಾತನ್ನ ನಾನು ಎಷ್ಟು ದಿನ ಜಪ ಮಾಡಿದೆನೋ. ಈಗ ಮತ್ತೆ ಹಾಕಬಹುದಾ ಸರ್ ಅಂದೆ. ಹರುಕು ಆ ಮಟ್ಟ ದಾಟಿದೆ, ಇನ್ನು ಆಪರೇಷನ್ ಒಂದೇ, ಅದು ಮಾಡಿದ್ರೂ ಮುದ್ದೆ ತೊಳಸೋ ಕೈ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ ಅಂದ್ರು.

ಅಕ್ಕನಿಗೆ ಹೇಳೋಕೆ ಮೂರು ಸಲ ಹೊರಟೆ. ಒಂದು ಸಲ ಬೀರೂರು ಸ್ಟೇಷನ್ನಿಂದ ವಾಪಸ್ ಬಂದೆ. ಇನ್ನೊಂದು ಸಲ ಅಜ್ಜಂಪುರದಲ್ಲಿ ಇಳಿದು, ಮೆಸ್ಸಿನ ಬೀದಿ ತುದಿ ತನಕ ಹೋಗಿ, ಹಾಗೇ ಬಸ್ ಹತ್ತಿ ಬಂದೆ. ಸುಮ್ಮನಿದ್ದುಬಿಡೋಣ ಅಂತಲೂ ಯೋಚಿಸಿದೆ, ಮುಚ್ಚಿಡೋದೇನು. ಅವಳೇ ತನ್ನ ತಪ್ಪು ಅಂತ ಒಪ್ಕೊಂಡಿದಾಳೆ, ಊರೂ ಒಪ್ಕೊಂಡಿದೆ, ನನ್ನ ಹೆಸರು ಚೆನ್ನಾಗೇ ಇದೆ. ಇಷ್ಟು ಕೆಟ್ಟವನು ನಾನು ಅಂತ ನನಗೇ ಗೊತ್ತಿರಲಿಲ್ಲ.

ಮೂರನೇ ಸಲ ಹೋದೆ. ಮಧ್ಯಾಹ್ನ ಎರಡು ಗಂಟೆ, ಊಟದ ಹೊತ್ತು, ಮೆಸ್ಸಿನಲ್ಲಿ ಇಬ್ಬರೇ ಇದ್ರು. ಮೂಲೇಲಿ ಮುದ್ದೆ ಕೋಲು ಒಣಗಿ ನಿಂತಿತ್ತು, ಮುದ್ದೆ ನಿಲ್ಲಿಸಿ ಅನ್ನ ಸಾರು ಮಾತ್ರ ಮಾಡ್ತಿದ್ರಂತೆ. ಅಕ್ಕ ನನ್ನ ನೋಡಿ ಎದ್ದು ನಿಂತಳು. ಸಿಟ್ಟು ಹೋಯ್ತೇನಪ್ಪ ಅಂದಳು. ಬಾ ಕೂತ್ಕೋ, ತಿಂದೇ ಇಲ್ಲ ಅನ್ಸುತ್ತೆ ನೀನು, ಸೊರಗಿದೀಯ ಅಂತ ಎಡಗೈಲಿ ತಟ್ಟೆ ತಂದಿಟ್ಟಳು. ಬಲಗೈ ಹೊಟ್ಟೆಗೆ ಅಂಟಿಕೊಂಡ ಹಾಗೆ ಮಡಚಿಕೊಂಡಿತ್ತು. ನಡೆಯುವಾಗ ಪ್ರತಿ ಹೆಜ್ಜೆಗೂ ಮುಖ ಕಿವುಚೋದು ಕಾಣ್ತಿತ್ತು.

ಆ ಇಬ್ಬರು ಎದ್ದು ಹೋಗೋ ತನಕ ಕಾದೆ. ಆಮೇಲೆ ಹೇಳಿದೆ. ಗುಂಡಿ, ಗೀಟು, ತಿಳಿ ನೀರು, ಬಿಳಿ ಪದರ, ನನ್ನ ರಕ್ತ ಎಳೆದು ನೋಡಿದ್ದು ಎಲ್ಲಾ ಒಂದೇ ಉಸಿರಲ್ಲಿ ಹೇಳಿದೆ. ಅವಳಿಗೆ ಅರ್ಥ ಆಗಲಿಲ್ಲ ಅನ್ಸುತ್ತೆ, ನನ್ನ ಬಾಯನ್ನೇ ನೋಡ್ತಿದ್ದಳು. ಕೊನೆಗೆ ಅವಳಿಗೆ ಅರ್ಥ ಆಗೋ ಹಾಗೆ ಅಂದೆ.

"ಮಾತ್ರೆ ಅಲ್ಲ ಅಕ್ಕ. ನಿನ್ನ ಕೈ ಹೋಗಿದ್ದು ನನ್ನಿಂದ. ನಾನು ಔಷಧಿ ಚೆಲ್ಲಿ ನಿನಗೆ ನೀರು ಹಾಕಿಸಿದೆ."

ಬೈತಾಳೆ ಅಂದ್ಕೊಂಡೆ. ಬೈಲಿ ಅಂತ ಕಾದೆ. ತಟ್ಟೆ ಎತ್ತಿ ಮುಖಕ್ಕೆ ಎಸೆದಿದ್ರೂ ಬದುಕಿಕೊಳ್ತಿದ್ದೆ. ಅಕ್ಕ ಎಡಗೈಲಿ ತನ್ನ ಬಲಭುಜ ಸವರ್ತಾ ಮೆತ್ತಗೆ ಕೇಳಿದಳು.

"ಹಂಗಾದ್ರೆ ಆ ಆರು ವಾರ ನಾನು ಮಾತ್ರೆ ನುಂಗಬಹುದಿತ್ತೇನೋ?"

ನುಂಗಬಹುದಿತ್ತು ಅಕ್ಕ ಅಂದೆ.

ಅವಳ ಕಣ್ಣಲ್ಲಿ ನೀರು ತುಂಬ್ತು, ಕೆಳಗೆ ಬೀಳಲಿಲ್ಲ. "ಈಗ ಒಂದು ತಂದುಕೊಡು ಹೋಗು" ಅಂದಳು.

ಚಪ್ಪಲಿ ಮೆಟ್ಟಿಕೊಳ್ಳದೇ ಓಡಿದೆ. ಎದುರುಗಡೆ ಮೆಡಿಕಲ್ ಶಾಪಿನವನು ಊಟದ ಡಬ್ಬಿ ಮುಚ್ತಾ ಕೂತಿದ್ದ. ನೋವಿನ ಮಾತ್ರೆ ಕೊಡಪ್ಪ, ಬೇಗ, ಅಕ್ಕನಿಗೆ ಅಂದೆ. ಅವನು ನನ್ನ ಮುಖ ನೋಡಿ ನಕ್ಕ.

"ಅಕ್ಕನಿಗಾ? ಸಾಧ್ಯವೇ ಇಲ್ಲ ಸಾರ್. ಯಾರನ್ನ ಕಳಿಸಿದ್ರೂ ಕೊಡಬೇಡ ಅಂತ ನೀವೇ ಹೇಳಿದ್ರಲ್ಲ. ಅವರು ಅಳ್ತಾ ಬಂದು ಇಲ್ಲೇ, ನೀವು ನಿಂತಿರೋ ಜಾಗದಲ್ಲೇ ನಿಂತು ಕೇಳಿದ್ರು, ಐದಾರು ಸಲ. ನಾನು ಒಂದು ಸಲವೂ ಕೊಡಲಿಲ್ಲ."